ಕದಲದ ಗೇರ್

ಗೇರ್‌ಬಾಕ್ಸ್ ಎಣ್ಣೆ ಸುಟ್ಟಿರಬೇಕು, ಕೇಬಲ್ ತುಂಡಾಗಿರಬೇಕು, ಇಲ್ಲವೇ ಒಳಗಿನ ಹಲ್ಲುಗಳೇ ಉದುರಿರಬೇಕು ಎಂದು ನನ್ನ ಚಿಂತೆ ಓಡುತ್ತಿತ್ತು. ಮತ್ತಿಕೆರೆಯ ನಮ್ಮ ಮನೆಯೆದುರು ಹಳೆಯ ಡೀಸೆಲ್ ವ್ಯಾನಿನ ಆಟೊಮ್ಯಾಟಿಕ್ ಗೇರ್ ‘ಪಾರ್ಕಿಂಗ್’ ಬಿಟ್ಟು ಕದಲುತ್ತಿರಲಿಲ್ಲ. ಹೆಂಡತಿ ಡಯಾಲಿಸಿಸ್‌ಗೆ ಹೊರಟು ಹಿಂದೆ ಕೂತಿದ್ದಳು. ಮನೆಯಲ್ಲಿ ವ್ಯಾನ್ ಓಡಿಸುವವನು ನಾನೊಬ್ಬನೇ.

ಫೋನ್ ಮಾಡಿದ್ದಕ್ಕೆ ಬಂದ ಮೆಕ್ಯಾನಿಕ್ ಅನ್ವರ್, “ಬ್ರೇಕ್ ಪೂರ್ತಿ ಒತ್ತಿ ಸಾರ್, ಆಗ್ಲೇ ಗೇರ್ ಬಿಡೋದು” ಎಂದ.

“ಒತ್ತೇ ಇದೀನಲ್ಲಪ್ಪಾ!”

“ಏನೇ ಆದ್ರೂ ವ್ಯಾನಿಗೇ ರೋಗ ಅಂತಾರೆ, ಇವ್ರು ಕನಸಲ್ಲೂ ಗ್ಯಾರೇಜಿಗೇ ಹೋಗೋದು ಕಣಪ್ಪಾ” ಎಂದು ಹೆಂಡತಿ ನಕ್ಕಳು.

ಅನ್ವರ್ ಬಗ್ಗಿ, ಬ್ರೇಕಿನ ಅಡಿಯಲ್ಲಿ ಸಿಕ್ಕಿಕೊಂಡಿದ್ದ ನನ್ನ ಬಲಗಾಲಿನ ಚಪ್ಪಲಿಯನ್ನು ಎಳೆದು ತೆಗೆದ. ಮತ್ತೆ ಬ್ರೇಕ್ ಒತ್ತಿದೆ; ಗೇರ್ ಬೆಣ್ಣೆಯಂತೆ ಜಾರಿತು. ಹಿಂದಿನ ಸೀಟಿನ ನಗು ನಿಂತಿತು.

ವ್ಯಾನಿನ ಸಕಲ ರೋಗಗಳನ್ನೂ ಊಹಿಸಿದ್ದ ನಾನು ನನ್ನ ಹಳೆಯ ಸಕ್ಕರೆ ಕಾಯಿಲೆಯನ್ನು ಮಾತ್ರ ಮರೆತಿದ್ದೆ. ಚಪ್ಪಲಿ ಯಾವಾಗ ಕಳಚಿತೋ, ಅದರಿಂದ ಮರಗಟ್ಟಿದ್ದ ಕಾಲಿಗೆ ಗೊತ್ತೇ ಆಗಿರಲಿಲ್ಲ.