ಕಬ್ಬಿನ ಟ್ರೇಲರ್‌ನಲ್ಲಿ ಹಡಗಿನ ಅಡುಗೆಮನೆ

ನನ್ನ ಮೊಮ್ಮಗಳು ಬನಹಟ್ಟಿಯಿಂದ ಮುಧೋಳಕ್ಕೆ ಬಸ್ಸಿನಲ್ಲಿ ಹೋದರೂ ವಾಂತಿ ಮಾಡುವವಳು. ಸಣ್ಣವಳಿದ್ದಾಗ ಕಿಟಕಿ ಪಕ್ಕ ಕೂರಿಸಿ ಕೈಗೆ ಲಿಂಬೆಹಣ್ಣು ಕೊಟ್ಟರೂ ಮಹಾಲಿಂಗಪುರದ ಸ್ಟ್ಯಾಂಡ್ ಬರುವಷ್ಟರಲ್ಲಿ ನನ್ನ ಸೆರಗು ಹಾಳಾಗಿರುತ್ತಿತ್ತು. ಅಂಥವಳು ಹಾಯಿ ಹಡಗಿನಲ್ಲಿ ಸಮುದ್ರ ದಾಟುತ್ತೇನೆ ಎಂದಾಗ ನಾನು ನಕ್ಕೆ. ನಕ್ಕಿದ್ದು ತಪ್ಪು ಎಂದು ಇವತ್ತಿಗೂ ಅನಿಸಿಲ್ಲ. ಯಾರೇ ಆಗಿದ್ದರೂ ನಗುತ್ತಿದ್ದರು.

ಅವಳಿಗೆ ಕಾರವಾರದಲ್ಲಿ ಬ್ಯಾಂಕಿನ ನೌಕರಿ. ಗಂಡನೂ ಅಲ್ಲೇ ಮಾಸ್ತರ. ಸಂಜೆ ಹೊತ್ತು ಸಮುದ್ರದ ದಂಡೆಗೆ ಹೋಗಿ ಹಾಯಿ ಕಟ್ಟುವುದು, ಬಿಚ್ಚುವುದು ಕಲಿತಿದ್ದಳು. ಅಲ್ಲಿ ನೌಕರಿಯಿಂದ ನಿವೃತ್ತರಾದ ಗಂಡ ಹೆಂಡತಿ ಇದ್ದಾರಂತೆ. ಹಡಗು ಅವರದು, ನಡೆಸುವವಳು ಹೆಂಡತಿ. ಈ ಚಳಿಗಾಲದ ಗಾಳಿ ಹಿಡಿದು ಆಫ್ರಿಕಾದ ಕಡೆಯ ನಡುಗಡ್ಡೆಯವರೆಗೆ ಹೋಗುವವರಿದ್ದರು. ಒಟ್ಟು ನಾಲ್ಕು ಮಂದಿ. ಎಲ್ಲರಿಗಿಂತ ಹೊಸಬಳು ನನ್ನ ಮೊಮ್ಮಗಳು, ಹಾಗಾಗಿ ಅಡುಗೆ ಅವಳ ಪಾಲಿಗೆ.

ತೊಡಕು ಇದ್ದದ್ದೇ ಅಲ್ಲಿ. ಆ ಹಡಗಿನ ಒಲೆ ಅದರ ಹೊಟ್ಟೆಯೊಳಗಿದೆ. ಒಂದು ದಿನ ಹತ್ತಿರದಲ್ಲೇ ಸುತ್ತಾಡಲು ಹೋದಾಗ ಇವಳು ಚಹಾ ಕಾಸಲು ಕೆಳಗಿಳಿದು, ಚಹಾದ ಪಾತ್ರೆಯಲ್ಲೇ ಕಾರಿಕೊಂಡಳು. ಹಡಗಿನ ಒಡತಿ ಬೈಯಲಿಲ್ಲ. "ರಜೆ ಮೇಲೆ ಊರಿಗೆ ಹೋಗಿ ಬಾ. ಬಂದ ಮೇಲೆ ಎರಡು ದಿನ ಸಮುದ್ರಕ್ಕೆ ಹೋಗೋಣ. ಒಂದು ಹೊತ್ತಿನ ಅಡುಗೆ ಮಾಡಿ, ನಮಗೆ ಬಡಿಸಿ, ನೀನೂ ಉಂಡರೆ ನಿನ್ನ ಜಾಗ ನಿನಗೆ. ಇಲ್ಲದಿದ್ದರೆ ಬೇರೆಯವರನ್ನು ನೋಡುತ್ತೇನೆ" ಎಂದಳಂತೆ. ನ್ಯಾಯದ ಮಾತು. ನಾನಾಗಿದ್ದರೆ ಎರಡನೇ ಸಲ ಕರೆಯುತ್ತಲೇ ಇರಲಿಲ್ಲ.

"ಆಯಿ, ನಗಬ್ಯಾಡ. ಮ್ಯಾಲ ಗಾಳ್ಯಾಗ ನಿಂತ್ರ ನನಗ ಏನೂ ಆಗೂದಿಲ್ಲ. ಕೆಳಗ ಇಳದ್ರ ಹೊಟ್ಟಿ ತೊಳಸ್ತೈತಿ" ಎಂದಳು.

"ಮತ್ತ ಮ್ಯಾಲ ಕುಂತು ಅಡಿಗಿ ಮಾಡು."

"ಒಲಿ ಕೆಳಗೈತಿ."

"ಹಂಗಾದ್ರ ಉಪಾಸ ಮಾಡ್ರಿ ಅನ್ನು ಅವರಿಗೆ."

ಅವಳು ನಗಲಿಲ್ಲ. ಮುಖ ಸಣ್ಣದು ಮಾಡಿಕೊಂಡು ಕೂತಳು. ಸಿಟ್ಟು ಮಾಡಿದ್ದರೆ ನಾನು ಸುಮ್ಮನಿರುತ್ತಿದ್ದೆ, ಆದರೆ ಆ ಮುಖ ನೋಡಲಾಗಲಿಲ್ಲ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು, ಸಮುದ್ರ ನೋಡಿದವಳಲ್ಲ. ಆದರೆ ರೂಢಿಯಾಗದ ಕೆಲಸವನ್ನು ಮಾಡಿ ಮಾಡಿಯೇ ರೂಢಿ ಮಾಡಿಕೊಳ್ಳಬೇಕು ಎಂಬುದಕ್ಕೆ ಶಾಲೆ ಬೇಕಿಲ್ಲ.

ಮೊದಲು ಪಡಸಾಲೆಯ ತೂಗುಮಣೆಯ ಮೇಲೆ ಕೂರಿಸಿ, ಉಳ್ಳಾಗಡ್ಡಿ ಹೆಚ್ಚು ಎಂದು ಹೇಳಿ, ನಾನೇ ತೂಗಿದೆ. ಅವಳಿಗೆ ಏನೂ ಆಗಲಿಲ್ಲ, ನಿದ್ದೆ ಬಂತು. ತೂಗುಮಣೆ ಒಂದೇ ಕಡೆ ಹೋಗಿ ಬರುತ್ತದೆ. ಹಡಗು ಹಾಗಲ್ಲವಂತೆ, ಹಿಂದೆ ಮುಂದೆ, ಅಕ್ಕಪಕ್ಕ, ಮೇಲೆ ಕೆಳಗೆ ಮೂರೂ ಕಡೆ ಒಗೆಯುತ್ತದಂತೆ. ಆಗ ನನಗೆ ನಮ್ಮ ಹೊಲದ ದಾರಿ ನೆನಪಾಯಿತು.

ನಮ್ಮ ಹೊಲ ಹಿಪ್ಪರಗಿ ಕಡೆ, ಹೊಳೆಯ ಹತ್ತಿರ. ಕಬ್ಬು ಕಡಿಯುವ ಕಾಲ ಅದು. ಫ್ಯಾಕ್ಟರಿಗೆ ಕಬ್ಬು ಹಾಕಿ ಖಾಲಿ ಬರುವ ಟ್ರ್ಯಾಕ್ಟರು ಡಾಂಬರು ರಸ್ತೆ ಬಿಟ್ಟು ಹೊಲದ ದಾರಿಗೆ ಇಳಿದರೆ, ಟ್ರೇಲರ್‌ನಲ್ಲಿದ್ದವರ ಹಲ್ಲು ಹಲ್ಲಿಗೆ ಬಡಿಯುತ್ತವೆ. ಅದರ ಮೇಲೆ ತಾಡಪತ್ರಿ ಕಟ್ಟಿದರೆ ಹೊರಗಿನದು ಕಾಣುವುದಿಲ್ಲ, ಗಾಳಿ ಬರುವುದಿಲ್ಲ, ಡೀಸೆಲ್ ವಾಸನೆ ಮಾತ್ರ ಬರುತ್ತದೆ. "ಖರೇನ ಹಡಗಿನ ಹೊಟ್ಟಿ ಹಿಂಗ ಇರತೈತಿ" ಎಂದು ಇವಳೇ ಒಪ್ಪಿದಳು.

ಡ್ರೈವರ್ ನಮ್ಮ ಓಣಿಯವನೇ. ಅವನು ಮಾತ್ರ ಒಪ್ಪಲಿಲ್ಲ.

"ಆಯಿ, ಟ್ರೇಲರ್ ಇರೂದು ಕಬ್ಬು ಹೇರಾಕ. ಮಂದೀನ ಕುಲುಕಾಕಲ್ಲ."

"ಬಾಡಿಗಿ ಕೇಳಾಕತ್ತೀ ಏನ್ಲೇ?"

"ಇಲ್ಲಬೇ, ನಿನ್ನ ಸೊಂಟದ ಚಿಂತಿ ನನಗ."

"ಸೊಂಟ ನಂದು. ನೀ ಒಂದ ತಗ್ಗೂ ಬಿಡದಂಗ ಹೊಡಿ. ಹೊಲ ಮುಟ್ಟಿದ ಮ್ಯಾಲ ನಿನಗ ಅವಲಕ್ಕಿ ಸಿಗತೈತಿ."

ಸುತ್ತ ಕಬ್ಬಿನ ಒಣಗಿದ ಎಲೆ, ರವದಿ ಬಿದ್ದಿರುವಾಗ ಬೆಂಕಿಯ ಮಾತೇ ಬೇಡ ಎಂದಿದ್ದೆ. ಅದಕ್ಕೇ ಹಚ್ಚಿದ ಅವಲಕ್ಕಿ. ಉಳ್ಳಾಗಡ್ಡಿ ಹೆಚ್ಚಬೇಕು, ಕೊಬ್ಬರಿ ತುರಿಯಬೇಕು, ಎಣ್ಣೆ, ಖಾರ, ಉಪ್ಪು ಹಾಕಿ ಕೈಯಿಂದ ಕಲಸಬೇಕು. ಹೊಲದಲ್ಲಿ ಕಬ್ಬು ಕಡಿಯುವವರಿಗೆ ಕೊಟ್ಟು ತಾನೂ ತಿನ್ನಬೇಕು.

ಮೊದಲ ದಿನ ಉಳ್ಳಾಗಡ್ಡಿ ಸುಲಿಯುವಷ್ಟರಲ್ಲೇ ತಾಡಪತ್ರಿ ಸರಿಸಿ ದಾರಿಯ ಮೇಲೆ ಕಾರಿದಳು. ಮರುದಿನ ಕೊಬ್ಬರಿಯವರೆಗೆ ಬಂದಳು. ಆಮೇಲೊಂದು ದಿನ ಕಲಸಿದಳು, ತಿನ್ನಲು ಹೋಗಿ ಮತ್ತೆ ಇಳಿದು ಓಡಿದಳು. ಕಬ್ಬು ಕಡಿಯುವವರು ಮಾತ್ರ ದಿನಾ ಖುಷಿಯಿಂದ ತಿಂದರು. ಡ್ರೈವರ್ ದಿನಾ ಬೇರೆ ಬೇರೆ ತಗ್ಗು ಹುಡುಕತೊಡಗಿದ.

ಲಗ್ನವಾದ ಹುಡುಗಿ ತವರಿಗೆ ಬಂದು ದಿನಾ ದಾರಿ ಮೇಲೆ ವಾಂತಿ ಮಾಡಿದರೆ ಊರಿನವರು ಏನು ತಿಳಿಯುತ್ತಾರೆ? ಅದನ್ನೇ ತಿಳಿದರು. ಸುದ್ದಿ ಬೀಳಗಿ ದಾಟಿ ಅನಗವಾಡಿಯಲ್ಲಿದ್ದ ಅವಳ ಅತ್ತೆಯ ಕಿವಿಗೆ ಬಿತ್ತು. ಸಮುದ್ರದ ವಿಷಯ ಅತ್ತೆಗೆ ಗೊತ್ತಿರಲಿಲ್ಲ. ಹೇಳಿದರೆ ಬೇಡ ಅನ್ನುತ್ತಾಳೆ ಎಂದು ಗಂಡ ಹೆಂಡತಿ ಸೇರಿ ಮುಚ್ಚಿಟ್ಟಿದ್ದರು. ಇದು ದಡ್ಡತನ ಎಂದು ನಾನು ಆಗಲೇ ಹೇಳಿದ್ದೆ.

ಬೀಗತಿ ಬಂದಳು. ಬುಟ್ಟಿಯಲ್ಲಿ ನೆಲ್ಲಿಕಾಯಿ, ಹುಣಸೆಕಾಯಿ, ಬಾರೆಹಣ್ಣು. ಮೇಲೆ ಹಸಿರು ಬಳೆ, ರವಿಕೆಗೆ ಒಂದು ಹಸಿರು ಖಣ. ಮನೆಯಲ್ಲಿ ಯಾರೂ ಇಲ್ಲವೆಂದು ಹೊಲದ ದಾರಿ ಹಿಡಿದವಳು ನಮ್ಮ ಟ್ರ್ಯಾಕ್ಟರಿಗೆ ಅಡ್ಡ ಬಂದು ಕೈ ಎತ್ತಿದಳು.

"ಏ, ನಿಲ್ಲಸೋ! ಬಸರ ಹೆಣ್ಣಮಗಳನ್ನ ಹಿಂಗ ಕುಲುಕ್ಯಾಡಸ್ತಾರೇನು?"

ಟ್ರ್ಯಾಕ್ಟರು ನಿಂತಿತು. ಸೊಸೆಯನ್ನು ಇಳಿಸಿಕೊಳ್ಳಲು ಅವಳೇ ಮೇಲೆ ಹತ್ತಿದಳು. ಅಷ್ಟರಲ್ಲಿ ಹಿಂದಿನ ಟ್ರ್ಯಾಕ್ಟರಿನವನು ಹಾರ್ನ್ ಬಾರಿಸಿದ. ದಾರಿ ಇಕ್ಕಟ್ಟು, ನಮ್ಮವನು ಗೇರ್ ಹಾಕಿಯೇಬಿಟ್ಟ. ಬೀಗತಿ ಬುಟ್ಟಿ ಸಮೇತ ನನ್ನ ಮಗ್ಗುಲಲ್ಲಿ ಕುಸಿದಳು.

"ಯಾರು ಬಸರವಾ?" ಎಂದೆ.

"ಊರಿಗೆಲ್ಲ ಗೊತ್ತೈತ್ರಿ. ನನಗೊಬ್ಬಾಕಿಗೆ ಮುಚ್ಚಿಡ್ರಿ."

"ಇಲ್ರಿ ಅತ್ತಿ, ನಾ ಬಸರಿಲ್ಲ" ಎಂದಳು ಹುಡುಗಿ, ಉಳ್ಳಾಗಡ್ಡಿ ಹೆಚ್ಚುತ್ತಲೇ.

"ಮತ್ತ ದಿನಾ ಯಾಕ ಕಾರಾಕತ್ತಿ?"

"ಸಮುದ್ರ ದಾಟಾಕ ಕಲ್ಯಾಕತ್ತೇನ್ರಿ."

ಬೀಗತಿ ಸುತ್ತ ನೋಡಿದಳು. ತಾಡಪತ್ರಿ, ಕೊಬ್ಬರಿ ಬಟ್ಟಲು, ಬಕೆಟ್ಟು, ನಾನು.

"ಎಲ್ಲಿ? ಈ ಕಬ್ಬಿನ ಹೊಲದಾಗ?"

ನನಗೆ ನಗು ತಡೆಯಲಾಗಲಿಲ್ಲ. ಹುಡುಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಬೀಗತಿಯ ಸಿಟ್ಟು ನೆತ್ತಿಗೇರಿತು. "ನಮ್ಮೂರ ಮುಂದ ತುಂಬಿದ ಹೊಳಿ ಐತಿ, ನಿನಗ ಅದು ಸಾಲಲಿಲ್ಲೇನು? ನನ್ನ ಮಗಗರ ಬುದ್ಧಿ ಬ್ಯಾಡಾ? ನಾ ಅಂತೂ ಕಳಸೂದ..." ಎನ್ನುವಷ್ಟರಲ್ಲಿ ಡ್ರೈವರ್ ದೊಡ್ಡ ತಗ್ಗಿಗೆ ಇಳಿಸಿದ. ಬೀಗತಿಯ ಮುಖ ಅವಳು ತಂದ ಖಣಕ್ಕಿಂತ ಹಸಿರಾಯಿತು.

ಮೊಮ್ಮಗಳು ಚೂರಿ ಬದಿಗಿಟ್ಟು ಬಕೆಟ್ಟು ಹಿಡಿದಳು. ಇನ್ನೊಂದು ಕೈಯಲ್ಲಿ ಅತ್ತೆಯ ಹಣೆ ಹಿಡಿದಳು. ಎಲ್ಲ ಆದ ಮೇಲೆ ಬಾಯಿ ಒರೆಸಿ, ತಾಡಪತ್ರಿಯ ತುದಿ ಎತ್ತಿ, ಅಲ್ಲಿಗೆ ಸರಿಸಿ ಕೂರಿಸಿದಳು. "ದೂರ ನೋಡ್ರಿ ಅತ್ತಿ. ಕಣ್ಣ ಕೆಳಗ ಹಾಕಬ್ಯಾಡ್ರಿ" ಎಂದಳು. ಮತ್ತೆ ಬಂದು ಉಳಿದ ಉಳ್ಳಾಗಡ್ಡಿ ಹೆಚ್ಚಿದಳು, ಕಲಸಿದಳು. ಅಷ್ಟು ವಾಸನೆಯ ನಡುವೆ ಅವಳಿಗೆ ಏನೂ ಆಗಲಿಲ್ಲ. ನಾನು ಬಾಯಿ ತೆರೆಯಲಿಲ್ಲ. ಮಾತಾಡಿದರೆ ಅವಳಿಗೆ ತನ್ನ ವಾಂತಿ ನೆನಪಾದೀತು ಎಂದು ಹೆದರಿಕೆ.

ಹೊಲ ಬಂತು. ಎಲ್ಲರಿಗೂ ಕೊಟ್ಟು ಅವಳೂ ತಿಂದಳು. ಇಳಿದು ಓಡಲಿಲ್ಲ. ಬೀಗತಿ ಬದುವಿನ ಮೇಲೆ ಕಾಲು ಚಾಚಿ ಕೂತಿದ್ದಳು.

"ನನಗ ಹಾಕೂದಿಲ್ಲೇನು? ಹೊಟ್ಟಿ ಖಾಲಿ ಆಗೇತಿ."

ತಿಂದಳು. ಮತ್ತೆ ಹಾಕಿಸಿಕೊಂಡಳು. ಸೊಸೆ ಕೇಳಿಯೇಬಿಟ್ಟಳು: "ಹೋಗ್ಲ್ಯಾ, ಅತ್ತಿ?"

"ಮದ್ಲ ಹೇಳಬೇಕಾಗಿತ್ತು. ಮುಚ್ಚಿಟ್ಟಿದ್ದಕ್ಕ ನನಗ ಸಿಟ್ಟು, ನೀರಿಗಲ್ಲ" ಎಂದು ಬೀಗತಿ ಸೆರಗಿಗೆ ಕೈ ಒರೆಸಿಕೊಂಡಳು. "ಹೋಗಿ ಬಾ. ಬಂದ ಮ್ಯಾಲ ಖರೇನ ಕಾರು."

"ಅದನ್ನ ಬಂದ ಮ್ಯಾಲ ನೋಡೂಣ್ರಿ" ಎಂದು ಹುಡುಗಿ ಪಾತ್ರೆ ತೊಳೆಯಲು ಎದ್ದಳು. ನೆಲ್ಲಿಕಾಯಿ, ಬಾರೆಹಣ್ಣನ್ನು ಡ್ರೈವರ್ ಮತ್ತು ನಾನು ತಿಂದು ಮುಗಿಸಿದೆವು.

ಕಾರವಾರಕ್ಕೆ ಹೋದ ಮೇಲೆ ಎರಡು ದಿನ ಅವಳ ಫೋನು ಹತ್ತಲಿಲ್ಲ. ಆಮೇಲೆ ಅವಳೇ ಮಾಡಿದಳು.

"ಆಯಿ, ಒಮ್ಮೆ ಕಾರಿದೆ."

"ಆತು ಬಿಡು. ಬ್ಯಾರೆದವರನ್ನ ನೋಡಿದ್ರೇನು?"

"ಇಲ್ಲ. ಕಾರಬಾರದು ಅಂತ ಅವರು ಅಂದಿದ್ದಿಲ್ಲ. ಅಡಿಗಿ ಮಾಡಿ ಉಣಬೇಕು ಅಂದಿದ್ರು. ಕಾರಿದೆ, ಬಾಯಿ ತೊಳಕೊಂಡೆ, ಅನ್ನ ಸಾರು ಮಾಡಿದೆ, ಉಂಡೆ. ಎಲ್ಲಾರಿಗೂ ಮದಲ್ನೇ ದಿನ ಆಕ್ಕೈತಂತ, ಅವರಿಗೂ."

"ಸಾರು ಮತ್ತೊಮ್ಮೆ ಹಾಕಿಸಿಕೊಂಡ್ರೇನು?"

"ಹೂಂ, ಮೂರೂ ಮಂದಿ."

"ಹಂಗಾದ್ರ ಮತ್ತ ನನ್ನ ಯಾಕ ಕೇಳ್ತಿ? ಹೋಗಿ ಬಾ" ಎಂದು ಫೋನಿಟ್ಟೆ. ಅವಳು ಏನನ್ನೂ ಕೇಳಿರಲಿಲ್ಲ.