ಹುರುಳಿಯ ಮೇಲೆ ಎಲ್ ಬೋರ್ಡು

ಎಲ್ಲೆಲ್ಲಿ ಓವರ್‌ಟೇಕ್ ಮಾಡಬಾರದು ಎಂಬುದನ್ನು ನಾನು ಬಾಯಿಪಾಠ ಮಾಡಿದ್ದು ಐವತ್ತೆರಡನೇ ವಯಸ್ಸಿನಲ್ಲಿ. ತಿರುವಿನಲ್ಲಿ, ಸೇತುವೆಯ ಮೇಲೆ, ಕೂಡುರಸ್ತೆಯಲ್ಲಿ, ದಿಣ್ಣೆ ಹತ್ತುವಾಗ, ನಡುವೆ ಕಡಿಯದ ಗೆರೆ ಎಳೆದಿರುವ ಕಡೆ. ದಾಟುವುದಾದರೆ ಬಲಗಡೆಯಿಂದ, ಉಳಿದ ಹೊತ್ತೆಲ್ಲ ಎಡಕ್ಕೆ. ಶಿಡ್ಲಘಟ್ಟದ ಶಾಲೆಯಲ್ಲಿ ಮೂರು ದಶಕದ ಹತ್ತಿರ ಮಗ್ಗಿ ಹೇಳಿಸಿದವಳು ನಾನು, ಇಷ್ಟು ಒಪ್ಪಿಸಲಾರೆನೇ? ಎಲ್‌ಎಲ್, ಅಂದರೆ ಕಲಿಯುವವರ ಲೈಸೆನ್ಸಿನ ಪರೀಕ್ಷೆಯಲ್ಲಿ ಒಂದು ತಪ್ಪೂ ಮಾಡಲಿಲ್ಲ. ಈ ನಿಯಮಗಳನ್ನೆಲ್ಲ ರಸ್ತೆಗೂ ಯಾರಾದರೂ ಕಲಿಸಿದ್ದರೆ ಚೆನ್ನಾಗಿತ್ತು.

ಈ ವಯಸ್ಸಿನಲ್ಲಿ ನನಗೆ ಸ್ಟೇರಿಂಗಿನ ಹುಚ್ಚೇನೂ ಹಿಡಿದಿರಲಿಲ್ಲ. ನಮ್ಮ ಯಜಮಾನರು ಬಸ್ ಡ್ರೈವರ್. ಜೀವಮಾನವೆಲ್ಲ ಬಸ್ಸು ಓಡಿಸಿದವರಿಗೆ ಒಂದು ಬೆಳಿಗ್ಗೆ ಸ್ಟ್ರೋಕ್ ಆಗಿ ಬಲಗೈ ಸ್ವಾಧೀನ ತಪ್ಪಿತು. ಮುದ್ದೆ ಮುರಿಯಲೂ ಆಗುತ್ತಿರಲಿಲ್ಲ. ವಾರಕ್ಕೆ ಮೂರು ಸಲ ಚಿಕ್ಕಬಳ್ಳಾಪುರಕ್ಕೆ ಬಂದು ಫಿಸಿಯೋಥೆರಪಿ ಮಾಡಿಸಿಕೊಳ್ಳಿ, ಮೊದಲ ಆರು ತಿಂಗಳಲ್ಲಿ ಬಂದಷ್ಟು ಶಕ್ತಿ ಆಮೇಲೆ ಬರುವುದು ಕಷ್ಟ ಎಂದರು ಡಾಕ್ಟರು. ಮೊದಲ ದಿನ ಬಸ್ಸಿನಲ್ಲಿ ಹೋದೆವು. ಇವರ ಕೈಕೆಳಗೆ ಕೆಲಸ ಕಲಿತ ಹುಡುಗನೇ ಅಂದು ಡ್ರೈವರು. ಓಡಿ ಬಂದು, "ಗುರುಗಳೇ, ನೀವು ಸುಮ್ನಿರಿ, ನಾನ್ ಹತ್ತಿಸ್ತೀನಿ" ಎಂದು ಇವರನ್ನು ಮಗುವಿನ ಹಾಗೆ ಎತ್ತಿ ಸೀಟಿನಲ್ಲಿ ಕೂರಿಸಿದ. ಪ್ರೀತಿಯಿಂದಲೇ ಮಾಡಿದ, ಪಾಪ. ಇವರು ಎರಡು ದಿನ ಬಾಯಿ ಬಿಡಲಿಲ್ಲ. ಮೂರನೇ ದಿನ, "ಇನ್ಮೇಲೆ ಬಸ್ ಹತ್ತಲ್ಲ ಕಣೇ. ಕೈ ಬರದೇ ಇದ್ರೆ ಬೇಡ" ಎಂದರು. ಆಟೋದಲ್ಲಿ ಹೋದರೆ ಕುಲುಕಾಟಕ್ಕೆ ಭುಜ ಹಿಡಿದುಕೊಂಡು ನರಳುತ್ತಿದ್ದರು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ನಮ್ಮ ಅಂಗಳದಲ್ಲಿ ನನ್ನ ತಮ್ಮನ ಹಳೇ ಕಾರೊಂದು ಧೂಳು ತಿನ್ನುತ್ತಾ ನಿಂತಿತ್ತು.

"ನಾನೇ ಓಡಿಸ್ತೀನಿ, ಹೇಳ್ಕೊಡ್ರಿ" ಎಂದೆ.

"ಪೂರ್ತಿ ಲೈಸೆನ್ಸ್ ತೊಗೋ, ಆಮೇಲೆ ಚಿಕ್ಕಬಳ್ಳಾಪುರದ ಮಾತು" ಎಂದರು.

ಹೀಗೆ ಲೈಸೆನ್ಸ್ ಇದ್ದದ್ದು ಅವರಿಗೆ, ಕೈ ಇದ್ದದ್ದು ನನಗೆ. ಇಬ್ಬರೂ ಸೇರಿ ಒಬ್ಬ ಡ್ರೈವರು.

ಮೇಲೂರಿನ ರಸ್ತೆಯಲ್ಲಿ ಅಭ್ಯಾಸ ಶುರುವಾಯಿತು. ಸುಗ್ಗಿಯ ಕಾಲ. ಎಡಕ್ಕೇ ಹೋಗಬೇಕೆಂದು ಹಲ್ಲು ಕಚ್ಚಿ ಹೋಗುತ್ತಿದ್ದರೆ ಎಡಗಡೆಯ ಅರ್ಧ ರಸ್ತೆಯ ತುಂಬ ಹುರುಳಿ ಹರಡಿದ್ದಾರೆ! ಗಿಡದ ಸಮೇತ, ಮೊಣಕಾಲುದ್ದ, ಸುತ್ತ ಕಲ್ಲು ಇಟ್ಟು. ಬಲಕ್ಕೆ ಸರಿಯೋಣವೆಂದರೆ ನಡುವೆ ಕಡಿಯದ ಗೆರೆ, ಎದುರಿಗೆ ಲಾರಿ. ಪುಸ್ತಕದಲ್ಲಿ ಹುರುಳಿಯ ಬಗ್ಗೆ ಒಂದಕ್ಷರವಿಲ್ಲ. ನಿಂತುಬಿಟ್ಟೆ. ಹಿಂದೆ ಹಾರನ್ನುಗಳ ಗಲಾಟೆ. ಪೊರಕೆ ಹಿಡಿದ ಅಜ್ಜಿಯೊಬ್ಬಳು ಓಡಿ ಬಂದಳು.

"ಯಾಕಮ್ಮಾ ನಿಂತ್ಕೊಂಡೆ? ಮೇಲೆ ಬಾಮ್ಮಾ, ಮೇಲೆ!"

"ಅಜ್ಜೀ, ಇದು ರಸ್ತೆ."

"ಹೂನಮ್ಮಾ, ರಸ್ತೆನೇ. ಅದಕ್ಕೇ ಹಾಕಿರಾದು. ನಿನ್ನಂಗೆ ಮೆತ್ತಗೆ ಬರೋರು ಸಿಗೋದೇ ಇಲ್ಲ ತಾಯಿ. ಜೋರಾಗ್ ಹೋಗೋರು ಕಾಳೆಲ್ಲಾ ಎಗರಿಸ್ಬಿಡ್ತಾರೆ."

ಹತ್ತಿಸಿದೆ. ಚಕ್ರದ ಕೆಳಗೆ ಚಟಚಟ ಸದ್ದು. ಆ ಕಡೆ ಇಳಿದರೆ ಅಜ್ಜಿ ಮತ್ತೆ ಕೈ ಬೀಸುತ್ತಿದ್ದಾಳೆ: "ಹಂಗೇ ಹಿಂದಕ್ ಬಾ!" ಇವರ ಮುಖ ನೋಡಿದೆ. ಕಾಯಿಲೆ ಬಿದ್ದ ಮೇಲೆ ಮೊದಲ ಸಲ ನಗುತ್ತಿದ್ದರು. "ಹೋಗೇ, ರಿವರ್ಸ್ ಕಲಿತಂಗೂ ಆಯ್ತು." ಅಂದಿನಿಂದ ಎರಡು ವಾರ ನಾನು ಯಾರದೋ ಮನೆಯ ಹುರುಳಿ ಒಕ್ಕಿದೆ. ಆ ಹೊತ್ತಿಗೆ ರಿವರ್ಸ್ ದಾರ ಹಿಡಿದ ಹಾಗೆ ಬರುತ್ತಿತ್ತು. ಮುಂದಿನ ಗಾಡಿಯನ್ನು ದಾಟುವುದು ಮಾತ್ರ ಸುತರಾಂ ಬರಲಿಲ್ಲ. ನಿಯಮಗಳೆಲ್ಲ ಒಟ್ಟಿಗೆ ತಲೆಯಲ್ಲಿ ಎದ್ದು ನಿಲ್ಲುತ್ತಿದ್ದವು.

ಮೊದಲ ಟೆಸ್ಟಿನಲ್ಲಿ ನನ್ನ ಮುಂದೆ ರೇಷ್ಮೆಹುಳುವಿಗೆ ಸೊಪ್ಪು ತುಂಬಲು ಹೊರಟ ಟ್ರ್ಯಾಕ್ಟರು. ಪಕ್ಕದಲ್ಲಿ ಕೂತ ಇನ್‌ಸ್ಪೆಕ್ಟರು, "ಓವರ್‌ಟೇಕ್ ಮಾಡಿ ಮೇಡಂ" ಎಂದರು.

"ಮುಂದೆ ತಿರುವಿದೆ ಸಾರ್."

"ಈಗ ಮಾಡಿ."

"ಸೇತುವೆ ಸಾರ್."

"ಈಗ?"

"ಎದುರಿಗೆ ಸೈಕಲ್ಲು ಸಾರ್."

ಸ್ವಲ್ಪ ಹೊತ್ತಿಗೆ ಟ್ರ್ಯಾಕ್ಟರು ಎಡಕ್ಕೆ ತಿರುಗಿತು. ಅದರ ಹಿಂದೆ ಬಂದು ಬಂದು ಅಭ್ಯಾಸವಾಗಿತ್ತು ನೋಡಿ, ನಾನೂ ತಿರುಗಿದೆ.

"ಮೇಡಂ, ನಾವೀಗ ಎಲ್ಲಿದ್ದೀವಿ?"

"ಹಿಪ್ಪುನೇರಳೆ ತೋಟದಲ್ಲಿ ಸಾರ್."

ಫೇಲು. ಮನೆಯಲ್ಲಿ ಇವರು, "ಆ ಟ್ರ್ಯಾಕ್ಟರಿನವನು ಮನೆಗೆ ಹೋಗಿ ಊಟಕ್ಕೆ ಕೂತಿದ್ರೆ ನೀನೂ ತಟ್ಟೆ ಇಟ್ಕೊಂಡು ಕೂತ್ಬಿಡ್ತಿದ್ದೆ" ಎಂದು ಆಡಿಕೊಂಡರು. ನಾನು ನಗಲಿಲ್ಲ. ಆರು ತಿಂಗಳಲ್ಲಿ ಎರಡು ಆಗಲೇ ಕಳೆದಿತ್ತು. ಇವರ ಬೆರಳುಗಳು ಮಡಿಲಲ್ಲಿ ಹಾಗೇ ಬಿದ್ದಿರುತ್ತಿದ್ದವು.

ಎರಡನೇ ಟೆಸ್ಟಿಗೂ ಅದೇ ಇನ್‌ಸ್ಪೆಕ್ಟರು. ಈ ಸಲ ಮುಂದೆ ಯಾವ ಗಾಡಿಯೂ ಇಲ್ಲ, ರಸ್ತೆಯ ಎಡಕ್ಕೆ ಇನ್ಯಾರದೋ ಹುರುಳಿ. ನನ್ನ ಕೈಕಾಲು ನನ್ನನ್ನು ಕೇಳಲೇ ಇಲ್ಲ. ಗೇರು ಇಳಿಸಿ ನಡಿಗೆಯ ವೇಗದಲ್ಲಿ ಮೇಲೆ ಹತ್ತಿಸಿ, ಆ ತುದಿಯಲ್ಲಿ ನಿಲ್ಲಿಸಿ, ಕನ್ನಡಿ ನೋಡಿ, ನೆಟ್ಟಗೆ ಹಿಂದಕ್ಕೆ ಬಂದು, ಮತ್ತೆ ಮುಂದಕ್ಕೆ ಹೋದೆ. ಅಲ್ಲಿದ್ದ ಹೆಂಗಸರು ಕೈ ಮುಗಿದರು.

"ಇದೇನ್ ಮೇಡಂ?" ಎಂದರು ಇನ್‌ಸ್ಪೆಕ್ಟರು.

"ಒಕ್ಕಣೆ ಸಾರ್" ಎಂದೆ. ಇನ್ನೇನು ಹೇಳಲಿ!

ಅವರು ಪೆನ್ನು ತೆಗೆದರು. "ರಿವರ್ಸ್ ಇಷ್ಟು ಚೆನ್ನಾಗಿ ಮಾಡಿದೋರನ್ನ ನಾನು ನೋಡಿಲ್ಲ. ಪಾಸ್ ಮಾಡ್ತೀನಿ. ಆದ್ರೆ ಜೀವಮಾನದಲ್ಲಿ ಒಂದ್ಸಲನಾದ್ರೂ ಯಾರನ್ನಾದ್ರೂ ದಾಟಿ ಮೇಡಂ."

ಲೈಸೆನ್ಸ್ ಕೈಗೆ ಬಂದ ಮಾರನೇ ಬೆಳಿಗ್ಗೆಯೇ ಇವರನ್ನು ಎಡಗಡೆ ಕೂರಿಸಿಕೊಂಡು ಚಿಕ್ಕಬಳ್ಳಾಪುರಕ್ಕೆ ಹೊರಟೆ. ಊರು ದಾಟುತ್ತಿದ್ದ ಹಾಗೆ ಮುಂದೆ ಒಂದು ಬಸ್ಸು ಸಿಕ್ಕಿತು. ಅದು ನಿಂತಲ್ಲೆಲ್ಲ ನಾನೂ ನಿಂತೆ. ಮೂರನೇ ಸ್ಟಾಪಿನಲ್ಲಿ ಬುಟ್ಟಿ ಹೊತ್ತ ಹೆಂಗಸೊಬ್ಬಳು ನಮ್ಮ ಹಿಂದಿನ ಬಾಗಿಲು ತೆಗೆದು, "ಇದೂ ಚಿಕ್ಕಬಳ್ಳಾಪುರಕ್ಕೇನಾ?" ಎಂದು ಕೇಳಿದಳು. ಇದು ಬಸ್ಸಲ್ಲಮ್ಮಾ ಎಂದು ಬಾಗಿಲು ಹಾಕಿಸಿದೆ. ಅಷ್ಟರಲ್ಲಿ ಬಸ್ಸಿನ ಡ್ರೈವರು ಹೊರಗೆ ತಲೆ ಹಾಕಿ ಹಿಂದೆ ನೋಡಿದ. ಅಂದು ಇವರನ್ನು ಎತ್ತಿ ಕೂರಿಸಿದ ಅದೇ ಹುಡುಗ. ಇವರು ಟವೆಲ್ಲನ್ನು ಮುಖಕ್ಕೆ ಎಳೆದುಕೊಂಡು ಸೀಟಿನಲ್ಲಿ ಜಾರಿದರು.

"ದಾಟೇ."

"ಮುಂದೆ ತಿರುವಿದೆ ರೀ."

"ಎಲ್ಲೇ ತಿರುವು? ಕಣ್ಣಿಗೆ ಕಾಣೋಷ್ಟು ದೂರ ನೆಟ್ಟಗೈತೆ!"

ನಿಜ. ರಸ್ತೆ ನೆಟ್ಟಗಿತ್ತು, ಗೆರೆ ಕಡಿದು ಕಡಿದು ಇತ್ತು, ಎದುರಿಗೆ ಒಂದು ಕೋಳಿಯೂ ಇರಲಿಲ್ಲ. ಪುಸ್ತಕದಲ್ಲಿ ಹೇಳಿದ್ದೆಲ್ಲ ಸರಿಯಾಗಿಯೇ ಇತ್ತು. ಕಾಲು ಮಾತ್ರ ಒತ್ತಲೊಲ್ಲದು. "ಅಯ್ಯೋ, ಇವಳ!" ಎಂದು ಇವರು ಬುಸುಗುಟ್ಟಿದರು. ಆಮೇಲೆ ಇವರ ಮಡಿಲಿನಿಂದ ಏನೋ ಎದ್ದು ಬಂದದ್ದು ಕಂಡಿತು. ಬಲಗೈ. ಗಡಗಡ ನಡುಗುತ್ತಾ, ಗೇರಿನ ಮೇಲೆ ಹಾದು ಬಂದು ಸ್ಟೇರಿಂಗಿನ ನಟ್ಟನಡುವೆ ಬಿತ್ತು. ಹಾರನ್ನು ಒಂದೇ ಸಮನೆ ಕೂಗತೊಡಗಿತು.

ಬಸ್ಸಿನಿಂದ ಕೈಯೊಂದು ಹೊರಬಂದು, ಹೋಗಿ ಎಂದು ಬೀಸಿತು. ನಾನು ಬಲಕ್ಕೆ ಸರಿದು ಒತ್ತಿದೆ. "ಗುರುಗಳೇ!" ಎಂಬ ಕೂಗು ಪಕ್ಕದಿಂದ ಹಾದು ಹಿಂದಕ್ಕೆ ಹೋಯಿತು. ಎಡಕ್ಕೆ ಬಂದೆ. ಹಾರನ್ನು ಇನ್ನೂ ಕೂಗುತ್ತಲೇ ಇತ್ತು.

"ಆಯ್ತಲ್ಲ, ಕೈ ತೆಗೀರಿ."

"ಬರ್ತಿಲ್ಲ ಕಣೇ. ಹೋಗೋದು ಹೋಯ್ತು, ವಾಪಸ್ ಬರ್ತಿಲ್ಲ."

ಹೊಲಗಳಲ್ಲಿದ್ದವರೆಲ್ಲ ಎದ್ದು ನಿಂತು ನಮ್ಮನ್ನೇ ನೋಡುತ್ತಿದ್ದರು. ಇವರ ಕಣ್ಣಲ್ಲಿ ನೀರು, ಬಾಯಲ್ಲಿ ನಗು. ನಾನು ಆ ಕೈಯನ್ನು ಎತ್ತಿ ಇವರ ಮಡಿಲಲ್ಲಿ ಇಡಬಹುದಿತ್ತು. ಇಡಲಿಲ್ಲ. ಆಸ್ಪತ್ರೆಯ ಬಾಗಿಲವರೆಗೂ ಹಾಗೇ ಓಡಿಸಿದೆ.