ಬೆಳ್ಳಕ್ಕಿಗಳ ಪಾಲು

ನಮ್ಮ ರಾಡಾರ್ ತಿರುಗುತ್ತಿರಲಿಲ್ಲ. ಶಾಂತಿಗ್ರಾಮದ ಆಚೆ ಒಂದು ಹೊಲದ ಬದುವಿನಲ್ಲಿ, ಕೇರಂ ಬೋರ್ಡಿನಷ್ಟು ಅಗಲದ ಹಲಗೆ ಮುಕ್ಕಾಲಿಯ ಮೇಲೆ ಸುಮ್ಮನೆ ನಿಂತಿರುತ್ತಿತ್ತು. ಅದರೊಳಗಿನ ಸಾಲು ಸಾಲು ಆಂಟೆನಾಗಳು ಕಿರಣವನ್ನು ಬೇಕಾದ ಕಡೆಗೆ ಹೊರಳಿಸುತ್ತಿದ್ದವು, ಆದರೆ ಒಂದು ಸಲಕ್ಕೆ ಒಂದೇ ಕಡೆಗೆ. ಕಂಡದ್ದರ ಬೆನ್ನು ಹತ್ತಿದರೆ ಹೊಸದನ್ನು ಹುಡುಕಲು ಸಮಯವಿಲ್ಲ. ಹುಡುಕುತ್ತ ಕೂತರೆ ಕಂಡದ್ದು ಕೈತಪ್ಪುತ್ತದೆ. ಆ ಸಮಯವನ್ನು ಹಂಚುವ ಪ್ರೋಗ್ರಾಂ ನನ್ನದು.

ಅಂದು ಅನುದಾನ ಕೊಡುವವರು ನೋಡಲು ಬರುವವರಿದ್ದರು. ಅವರೆದುರು ಒಂದು ಡ್ರೋನನ್ನು ಎಲ್ಲೂ ಕಡಿಯದಂತೆ ಹಿಂಬಾಲಿಸಿ ತೋರಿಸಿದರೆ ಯೋಜನೆ ಉಳಿಯುತ್ತಿತ್ತು, ಹಾಸನದ ಕಾಲೇಜಿನಲ್ಲಿ ನನ್ನ ಕೆಲಸವೂ.

ಅದೇ ಬೆಳಗ್ಗೆ ಪಕ್ಕದ ಹೊಲದ ಯಜಮಾನರು ಟ್ರ್ಯಾಕ್ಟರ್ ತಂದರು. ಉಳುವಾಗ ಏಳುವ ಹುಳುಗಳಿಗೆ ಬೆಳ್ಳಕ್ಕಿಗಳು ಹಿಂಡಾಗಿ ಬರುತ್ತವೆ. ಹೊಸದಾಗಿ ಕಂಡ ಪ್ರತಿಯೊಂದನ್ನೂ ನನ್ನ ಪ್ರೋಗ್ರಾಂ ಕೆಲವು ಸಲ ನೋಡಿಯೇ ಹಕ್ಕಿಯೋ ಅಲ್ಲವೋ ಎಂದು ತೀರ್ಮಾನಿಸುತ್ತಿತ್ತು. ಹಿಂಡೇ ಎದ್ದರೆ ಸಮಯವೆಲ್ಲ ಅವಕ್ಕೇ.

ಹುಡುಕುವುದನ್ನೇ ನಿಲ್ಲಿಸಿಬಿಡು ಎಂದರು ನನ್ನ ಸಂಶೋಧನೆಯ ಗೈಡ್. ಹಾಗೆ ಮಾಡಿದರೆ ಅದು ತೋರಿಸಲಷ್ಟೇ ಆಗುವ ರಾಡಾರ್ ಎಂದೆ. ಹಾಗಾದರೆ ಟ್ರ್ಯಾಕ್ಟರ್ ನಿಲ್ಲಿಸಲು ಹೇಳು ಎಂದರು. ಹೋಗಿ ಕೇಳಿದೆ.

“ನಿಲ್ಲುಸ್ಬೋದು ಕಣವ್ವ. ಮಳೆ ಬಂದು ಮಣ್ಣು ಹದ ಆಗೈತೆ, ನಾಳೀಕೆ ಒಣಗೋಯ್ತದೆ. ಟ್ರ್ಯಾಕ್ಟ್ರೂ ಮಧ್ಯಾನ್ಕೆ ಬ್ಯಾರೆಯವರ್ ಒಲಕ್ಕೆ ಓಗ್ಬೇಕು. ನಿಂದೆಷ್ಟೊತ್ತು?”

ಬರುವವರು ಇನ್ನೂ ಹಾಸನವನ್ನೇ ಬಿಟ್ಟಿರಲಿಲ್ಲ. ಗೊತ್ತಿಲ್ಲ ಎಂದೆ.

“ಅಂಗಾರೆ ನೀನೇ ಯೋಳವ್ವ, ನಿಲ್ಲುಸ್ಲಾ?”

ಬೇಡ, ಉಳುಮೆ ಮುಗಿಸಿ ಎಂದೆ.

ಅನುದಾನದವರು ಬಂದರು. ಡ್ರೋನ್ ಏರಿತು, ಸ್ವಲ್ಪ ಹೊತ್ತು ಪರದೆಯ ಮೇಲಿನ ಗೆರೆ ಚೆನ್ನಾಗಿಯೇ ಸಾಗಿತು. ಹೊಲದ ಕೊನೆಯಲ್ಲಿ ಟ್ರ್ಯಾಕ್ಟರ್ ತಿರುಗಿದಾಗ ಹಕ್ಕಿಗಳೆಲ್ಲ ಒಟ್ಟಿಗೆ ಎದ್ದವು. ಆಗಲೇ ಡ್ರೋನ್ ದಿಕ್ಕು ಬದಲಿಸಿತು. ಗೆರೆ ಕಡಿಯಿತು. ಪ್ರೋಗ್ರಾಂ ಬೆಳ್ಳಕ್ಕಿಗಳನ್ನು ಒಂದೊಂದಾಗಿ, ನಾನು ಹೇಳಿಕೊಟ್ಟಂತೆಯೇ, ಪರೀಕ್ಷಿಸುತ್ತಿತ್ತು.

“ಅಲ್ಲೇ ಇದೆಯಲ್ಲಮ್ಮ,” ಎಂದು ಬಂದವರಲ್ಲಿ ಹಿರಿಯರೊಬ್ಬರು ಆಕಾಶಕ್ಕೆ ಕೈ ತೋರಿಸಿದರು. ಬರಿಗಣ್ಣಿಗೆ ಎಲ್ಲರಿಗೂ ಕಾಣುತ್ತಿತ್ತು.

ಊಟಕ್ಕೆ ಅವರು ನಿಲ್ಲಲಿಲ್ಲ. ಹಾಸನದವರೆಗೂ ಗೈಡ್ ತಮ್ಮ ಕಾರಿನಲ್ಲಿ ಕರೆತಂದರು. ಬಸ್ ಸ್ಟ್ಯಾಂಡಿನ ಹತ್ತಿರ ಇಳಿಸಿ, ಹಲಗೆಯನ್ನು ಲ್ಯಾಬಿನಲ್ಲಿ ತಾವೇ ಇಡುವುದಾಗಿಯೂ ನಾನು ಬರಬೇಕಿಲ್ಲವೆಂದೂ ಹೇಳಿದರು. ಹೊಳೆನರಸೀಪುರದ ಬಸ್ಸು ಖಾಲಿಯಿತ್ತು. ಮನೆಯಲ್ಲಿ ಅಮ್ಮ ಹೇಗಾಯಿತು ಎಂದು ಕೇಳಿದರು. ಮುಗಿಯಿತು ಎಂದೆ.